ಮೊದಲನೆಯದು ಸಿಸೇರಿಯನ್, ಎರಡನೆಯದು ನಡು ಮಳೆಗಾಲದಲ್ಲಿ: ಹೆರಿಗೆಗೆ ಎಲ್ಲಿರಬೇಕು?

ಪ್ರಶ್ನೆ: ನನಗೆ 28 ವರ್ಷ. ಮನೆ ಭಾಗಮಂಡಲದಿಂದ 6 ಕಿ.ಮೀ. ಒಳಗೆ, ಕಾಫಿ ತೋಟದ ನಡುವೆ. ಎರಡು ವರ್ಷ ಎರಡು ತಿಂಗಳ ಹಿಂದೆ ಮೊದಲ ಹೆರಿಗೆ ಸಿಸೇರಿಯನ್ ಆಯಿತು. ಗರ್ಭಕೋಶದ ಬಾಯಿ 7 ಸೆಂ.ಮೀ. ತೆರೆದಿದ್ದಾಗ ಮಗುವಿನ ಎದೆಬಡಿತ ಇಳಿಯಿತು ಎಂದರು. ಈಗ ನನಗೆ 31 ವಾರ, ಜುಲೈ 28ಕ್ಕೆ ದಿನ ಕೊಟ್ಟಿದ್ದಾರೆ. ಹಿಮೊಗ್ಲೋಬಿನ್ 9.4. ಈ ಸಲ ನಾರ್ಮಲ್ ಆಗಬಹುದೇ? ಎರಡನೆಯ ಹೆರಿಗೆ ಗಂಡನ ಮನೆಯ ಕಡೆಯೇ ಆಗಬೇಕು, ಸಿಸೇರಿಯನ್ನೇ ಆಗುವುದಾದರೆ ಕಕ್ಕಡ ತಿಂಗಳು ಶುರುವಾಗುವ ಮುಂಚೆ ಮಾಡಿಸಿಬಿಡೋಣ ಎಂದು ಅತ್ತೆ ಹೇಳುತ್ತಾರೆ. ನನ್ನ ತವರು ಕುಶಾಲನಗರ. ನೋವು ಬಂದ ಮೇಲೆ ಮನೆಯಿಂದ ಹೊರಟರೆ ಸಾಲದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾಲದು. ನಾರ್ಮಲ್ಲೋ ಸಿಸೇರಿಯನ್ನೋ ಎಂಬುದನ್ನು ಇನ್ನೂ ಕೆಲವು ವಾರ ಕಾದು ತೀರ್ಮಾನಿಸಬಹುದು. ನೋವು ಕಾಣಿಸಿಕೊಂಡಾಗ ನೀವು ಎಲ್ಲಿರಬೇಕು ಎಂಬುದನ್ನು ಮಾತ್ರ ಈಗಲೇ ತೀರ್ಮಾನಿಸಬೇಕು.

ಭಾಗಮಂಡಲದಿಂದ ಮಡಿಕೇರಿಗೆ ಸುಮಾರು 40 ಕಿ.ಮೀ., ಅದಕ್ಕೆ ನಿಮ್ಮ ಒಳದಾರಿಯ 6 ಕಿ.ಮೀ. ಸೇರಿಸಿ. ಬೇಸಿಗೆಯಲ್ಲಿ ಇದು ಒಂದೂವರೆ ಗಂಟೆಯೊಳಗಿನ ಪ್ರಯಾಣ. ಜುಲೈ ಕೊನೆಯ ವಾರದ ರಾತ್ರಿ ಅದು ಎಷ್ಟು ಹೊತ್ತಿನದು ಎಂದು ಅಲ್ಲಿಯವರಾದ ನಿಮಗೆ ನಾನು ಹೇಳಬೇಕಿಲ್ಲ. ಭಾಗಮಂಡಲದ ನದಿ ಸಂಗಮ ಉಕ್ಕುತ್ತದೆ, ನಾಪೋಕ್ಲು ಕಡೆಯ ರಸ್ತೆ ಮುಳುಗುತ್ತದೆ, ತಿರುವಿನಲ್ಲಿ ಮರ ಬಿದ್ದಿರುತ್ತದೆ. ಕರೆಂಟ್ ಹೋಗಿ ಎರಡು ದಿನವಾದರೆ ಟವರ್ ಕೂಡ ಸತ್ತಿರುತ್ತದೆ, 108ಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾಗುತ್ತದೆ. ಮೊದಲ ಹೆರಿಗೆಯೇ ಆಗಲಿ, ಹಿಂದಿನದು ನಾರ್ಮಲ್ ಆಗಿರಲಿ, ಇದು ಕಷ್ಟವೇ. ನಿಮ್ಮ ಗರ್ಭಕೋಶದ ಮೇಲೆ ಹಳೆಯ ಹೊಲಿಗೆಯ ಗೆರೆ ಇರುವುದರಿಂದ ಕಷ್ಟ ಇನ್ನೂ ಹೆಚ್ಚು.

ಹೊಲಿಗೆ ಒಡೆಯುವುದು ಅಂದರೆ ಏನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ಗರ್ಭಕೋಶದ ಕೆಳಭಾಗವನ್ನು ಅಡ್ಡಕ್ಕೆ ಕೊಯ್ದು ಮಗುವನ್ನು ತೆಗೆಯುತ್ತಾರೆ. ಮಾಗಿದ ಮೇಲೂ ಆ ಜಾಗದಲ್ಲಿ ಮೊದಲಿನ ಸ್ನಾಯುವಿನ ಎಳೆತ ಇರುವುದಿಲ್ಲ, ಗಾಯದ ಗಟ್ಟಿ ಪಟ್ಟಿ ಇರುತ್ತದೆ. ಮತ್ತೆ ಹೆರಿಗೆ ನೋವು ಬಂದಾಗ ಗರ್ಭಕೋಶದ ಮೇಲ್ಭಾಗ ಒತ್ತುತ್ತದೆ, ಕೆಳಭಾಗ ಹಿಗ್ಗುತ್ತಾ ತೆಳುವಾಗುತ್ತದೆ. ಅಡ್ಡ ಕೊಯ್ತದ ಒಂದು ಸಿಸೇರಿಯನ್ ಆದವರು ನೋವು ತಿಂದು ಹೆರಲು ಹೊರಟಾಗ ಸುಮಾರು 200ರಲ್ಲಿ ಒಬ್ಬರಿಗೆ ಆ ಗೆರೆ ಬಿಟ್ಟುಕೊಳ್ಳುತ್ತದೆ. ಉಳಿದ 199 ಮಂದಿಗೆ ಹಾಗಾಗುವುದಿಲ್ಲ. ಆದರೆ ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ಪ್ರತಿ ನಿಮಿಷ 500ರಿಂದ 700 ಮಿ.ಲೀ. ರಕ್ತ ಹರಿಯುತ್ತಿರುತ್ತದೆ. ಅಲ್ಲಿ ಒಡೆದರೆ ತಾಯಿಯ ಹೊಟ್ಟೆಯೊಳಗೇ ರಕ್ತ ತುಂಬುತ್ತದೆ, ಮಗುವಿಗೆ ಆಮ್ಲಜನಕ ನಿಂತುಹೋಗುತ್ತದೆ. ಮಗುವನ್ನು ಉಳಿಸಲು ಇರುವ ಅವಧಿ 20, 30 ನಿಮಿಷದ್ದು. ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಇದ್ದರೆ ಈ 200ರಲ್ಲಿ ಒಂದನ್ನು ನಿಭಾಯಿಸಬಹುದು. ಚೇರಂಬಾಣೆಯ ತಿರುವಿನಲ್ಲಿ ಜೀಪಿನೊಳಗೆ ಆದರೆ ಆಗದು.

ಇನ್ನು ನಾರ್ಮಲ್ ಪ್ರಶ್ನೆ. ನೀವು ಬರೆದಷ್ಟನ್ನು ನೋಡಿದರೆ ಹಲವು ವಿಷಯ ನಿಮ್ಮ ಪರವಾಗಿಯೇ ಇವೆ. ಮೊದಲ ಸಿಸೇರಿಯನ್‌ಗೆ ಕಾರಣ ಎದೆಬಡಿತ ಇಳಿದದ್ದು, ದಾರಿ ಇಕ್ಕಟ್ಟಾಗಿದ್ದು ಅಲ್ಲ. ಅದೇ ಕಾರಣ ಮತ್ತೆ ಬಂದೇ ಬರಬೇಕೆಂದಿಲ್ಲ. 7 ಸೆಂ.ಮೀ. ತನಕ ಬಾಯಿ ತೆರೆದಿತ್ತು ಎಂಬುದೂ ಒಳ್ಳೆಯ ಲಕ್ಷಣ. ಎರಡು ಹೆರಿಗೆಗಳ ನಡುವೆ 28 ತಿಂಗಳ ಅಂತರವಿದೆ. 18 ತಿಂಗಳಿಗಿಂತ ಕಡಿಮೆ ಇದ್ದಿದ್ದರೆ ಹೊಲಿಗೆ ಬಿಡುವ ಅಪಾಯ ಹೆಚ್ಚುತ್ತಿತ್ತು. ಒಂದು ಸಿಸೇರಿಯನ್ ಆದ ಮೇಲೆ ನಾರ್ಮಲ್‌ಗೆ ಪ್ರಯತ್ನಿಸುವ 100 ಮಂದಿಯಲ್ಲಿ 60ರಿಂದ 80 ಮಂದಿಗೆ ಅದು ಆಗುತ್ತದೆ. 'ಒಮ್ಮೆ ಕೊಯ್ದರೆ ಮತ್ತೆ ಕೊಯ್ಯಲೇಬೇಕು' ಎಂಬ ಮಾತು ಇಂದಿನ ವೈದ್ಯಕೀಯಕ್ಕೆ ಹೊಂದುವುದಿಲ್ಲ.

ಆದರೆ ಇದಕ್ಕೆ ಷರತ್ತುಗಳಿವೆ, ಅವುಗಳಲ್ಲಿ ಮೊದಲನೆಯದು ಹಳೆಯ ಡಿಸ್ಚಾರ್ಜ್ ಸಮ್ಮರಿ. ಚರ್ಮದ ಮೇಲಿನ ಗೆರೆ ಅಡ್ಡವಿದ್ದ ಮಾತ್ರಕ್ಕೆ ಒಳಗೆ ಗರ್ಭಕೋಶದ ಮೇಲಿನ ಕೊಯ್ತವೂ ಅಡ್ಡವೇ ಇರುತ್ತದೆ ಎನ್ನಲಾಗದು. ಸಮ್ಮರಿಯಲ್ಲಿ 'ಎಲ್.ಎಸ್.ಸಿ.ಎಸ್.' ಎಂದಿದ್ದರೆ ಕೆಳಭಾಗದ ಅಡ್ಡ ಕೊಯ್ತ ಎಂದು ಅರ್ಥ. 'ಕ್ಲಾಸಿಕಲ್' ಅಂದರೆ ಉದ್ದ ಕೊಯ್ತ. ಅಥವಾ ಅಡ್ಡ ಕೊಯ್ತ ಕೆಳಕ್ಕೋ ಮೇಲಕ್ಕೋ ಹರಿದು ಹೊಲಿದದ್ದು ಅದರಲ್ಲಿ ಬರೆದಿರಬಹುದು. ಉದ್ದ ಕೊಯ್ತವಾಗಿದ್ದರೆ ಒಡೆಯುವ ಅಪಾಯ ಹತ್ತು ಪಟ್ಟು ಏರುತ್ತದೆ, ಆಗ ನಾರ್ಮಲ್ ಪ್ರಯತ್ನವನ್ನೇ ಮಾಡುವಂತಿಲ್ಲ. ಕಾಗದ ಕಳೆದಿದ್ದರೆ ಅದೇ ಆಸ್ಪತ್ರೆಗೆ ಹೋಗಿ ದಾಖಲೆ ವಿಭಾಗದಲ್ಲಿ ಐ.ಪಿ. ನಂಬರ್ ಅಥವಾ ಹೆರಿಗೆಯ ದಿನಾಂಕ ಹೇಳಿ ನಕಲು ಕೇಳಿ. ಮಳೆ ಹಿಡಿಯುವ ಮುಂಚೆ, ಇದೇ ವಾರ ಆಗಲಿ.

ಎರಡನೆಯದು ಮಾಸು (ಪ್ಲಾಸೆಂಟಾ) ಎಲ್ಲಿ ಕೂತಿದೆ ಎಂಬುದು. ನನ್ನ ಮಟ್ಟಿಗೆ ನಿಮ್ಮ ಇಡೀ ಪ್ರಶ್ನೆಯಲ್ಲಿ ಇದೇ ಅತಿ ಮುಖ್ಯ, ಆದರೆ ನೀವು ಇದರ ಬಗ್ಗೆ ಏನೂ ಬರೆದಿಲ್ಲ. 32 ವಾರಕ್ಕೆ ಒಂದು ಸ್ಕ್ಯಾನಿಂಗ್ ಮಾಡಿಸಿ, 'ಮಾಸು ಹಳೆಯ ಹೊಲಿಗೆಯಿಂದ ಎಷ್ಟು ದೂರದಲ್ಲಿದೆ' ಎಂದು ನೀವಾಗಿಯೇ ಕೇಳಿ. ಮಾಸು ಕೆಳಗಿಳಿದು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ ನಾರ್ಮಲ್ ಸಾಧ್ಯವಿಲ್ಲ. ಅದು ಹಳೆಯ ಗಾಯದ ಮೇಲೆಯೇ ಕೂತು, ಬೇರಿನಂತೆ ಒಳಗೆ ಇಳಿದಿದ್ದರೆ ಮಗು ಬಂದ ಮೇಲೂ ಮಾಸು ಬಿಡುವುದಿಲ್ಲ. ಬಿಡಿಸಲು ಹೋದರೆ ರಕ್ತ ನಲ್ಲಿ ತೆರೆದಂತೆ ಹರಿಯುತ್ತದೆ. ಮಾಸು ಕೆಳಗಿರುವವರಲ್ಲಿ ಹೀಗೆ ಅಂಟಿಕೊಳ್ಳುವ ಪ್ರಮಾಣ ಒಂದು ಸಿಸೇರಿಯನ್ ಆದವರಿಗೆ 100ಕ್ಕೆ 11, ಎರಡು ಆದವರಿಗೆ 40, ಮೂರು ಆದವರಿಗೆ 61. ಸ್ಕ್ಯಾನಿಂಗ್‌ನಲ್ಲಿ ಆ ಅನುಮಾನ ಬಂದರೆ ಕೊಡಗಿನಲ್ಲಿ ಕಾಯುವುದೇ ಬೇಡ, ಮೈಸೂರಿನ ದೊಡ್ಡ ಆಸ್ಪತ್ರೆಗೆ ಮೊದಲೇ ಹೋಗಿ ದಾಖಲಾಗಬೇಕು. ಚೆಲುವಾಂಬ ಆಸ್ಪತ್ರೆ ಇರುವುದು ಇಂಥ ಹೆರಿಗೆಗಳಿಗೇ. ಈ ನಡುವೆ ನೋವಿಲ್ಲದೆ ಕೆಂಪು ರಕ್ತ ಕಾಣಿಸಿಕೊಂಡರೆ, ಚಮಚದಷ್ಟೇ ಆಗಿದ್ದರೂ, ಅದು ಮಾಸಿನ ಸೂಚನೆ ಎಂದುಕೊಂಡು ಕೂಡಲೇ ಹೊರಡಿ.

ಮೂರನೆಯದು ಆಸ್ಪತ್ರೆ. ಹಳೆಯ ಹೊಲಿಗೆಯಿರುವವರು ನಾರ್ಮಲ್‌ಗೆ ಪ್ರಯತ್ನಿಸಬೇಕಾದರೆ ನೋವಿನುದ್ದಕ್ಕೂ ಮಗುವಿನ ಎದೆಬಡಿತ ದಾಖಲಿಸುವ ಸಿ.ಟಿ.ಜಿ. ಯಂತ್ರ ಬೇಕು, ಏಕೆಂದರೆ ಹೊಲಿಗೆ ಬಿಡುತ್ತಿದೆ ಎಂದು ಮೊದಲು ಹೇಳುವುದು ಹೆಚ್ಚಾಗಿ ಅದೇ. ತಾಯಿಗೆ ನೋವು ಗೊತ್ತಾಗುವ ಮುಂಚೆಯೇ ಬಡಿತ ಇಳಿಯುತ್ತದೆ. ಜೊತೆಗೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ತೆರೆದಿರುವ ಥಿಯೇಟರ್, ನಿಮ್ಮ ಗುಂಪಿನ ರಕ್ತ. ಯಾವುದೇ ಆಸ್ಪತ್ರೆಯಾಗಲಿ, ತಪಾಸಣೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ರಾತ್ರಿ 2 ಗಂಟೆಗೆ ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವ ಡಾಕ್ಟರ್ ಇಲ್ಲೇ ಇರುತ್ತಾರಾ, ಎಲ್ಲಿಂದಲೋ ಬರಬೇಕಾ?" ಬರಬೇಕು ಎಂದರೆ ಅಲ್ಲಿ ಸಮಯ ಗೊತ್ತುಮಾಡಿದ ಸಿಸೇರಿಯನ್ ಮಾಡಿಸಿಕೊಳ್ಳಬಹುದು, ನಾರ್ಮಲ್ ಪ್ರಯತ್ನ ಬೇಡ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಬೋಧಕ ಆಸ್ಪತ್ರೆಯಿದೆ, ರಕ್ತನಿಧಿಯಿದೆ. ಜಿಲ್ಲೆಯೊಳಗೇ ಪ್ರಯತ್ನಿಸುವುದಾದರೆ ನಾನು ಮೊದಲು ವಿಚಾರಿಸುವುದು ಅಲ್ಲೇ.

ನಾರ್ಮಲ್‌ಗೆ ಕಾಯುವವರು ನೋವು ತಾನಾಗಿ ಬರಲು ಬಿಡಬೇಕು. ಹೊಲಿಗೆಯಿರುವ ತುಂಬು ಗರ್ಭಕೋಶಕ್ಕೆ ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಇಡಬಾರದು. ಅದು ಒತ್ತಡವನ್ನು ಒಮ್ಮೆಲೇ ಏರಿಸಿ ಗೆರೆಯನ್ನು ಬಿಡಿಸಬಲ್ಲದು. ಡ್ರಿಪ್‌ನಲ್ಲಿ ಆಕ್ಸಿಟೋಸಿನ್ ಕೊಟ್ಟರೂ ಅಪಾಯ ಎರಡು ಮೂರು ಪಟ್ಟಾಗುತ್ತದೆ, ಹಾಗಾಗಿ ಅದನ್ನು ತಜ್ಞರು ಎದುರಿಗಿದ್ದು ಅಳೆದೇ ಕೊಡಬೇಕು. ನೋವು ಬರಲೆಂದು ಮನೆಯಲ್ಲಿ ಹರಳೆಣ್ಣೆ ಕುಡಿಸುವುದು, ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ಇಳಿಸುವುದು, ಯಾರೋ ಬಂದು ನೋವಿನ ಇಂಜೆಕ್ಷನ್ ಚುಚ್ಚುವುದು ಇವು ಮೂರೂ ನಿಮಗೆ ನಿಷಿದ್ಧ. ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಈಗ ಕಕ್ಕಡದ ಮಾತು. ಕಕ್ಕಡ ಜುಲೈ ನಡುವಿನಲ್ಲಿ ಶುರುವಾಗುತ್ತದೆ. ಅದಕ್ಕೆ ಮುಂಚೆ ಅಂದರೆ ನಿಮಗೆ 38 ವಾರ ಆಸುಪಾಸು. ಆ ತಿಂಗಳಲ್ಲಿ ಶುಭಕಾರ್ಯ ಮಾಡುವುದಿಲ್ಲ ಎಂಬ ಹಿರಿಯರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ಶ್ವಾಸಕೋಶಕ್ಕೆ ಪಂಚಾಂಗ ಗೊತ್ತಿಲ್ಲ. ನೋವು ಬರುವ ಮುಂಚೆ ಸಿಸೇರಿಯನ್‌ನಿಂದ ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದಿರುತ್ತದೆ. ವಾರ ಕಡಿಮೆಯಾದಷ್ಟೂ ಅದು ಹೀರಿಹೋಗುವುದು ತಡ. ಅಮೆರಿಕದಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ನಿಮ್ಮಂತೆಯೇ ಹಿಂದೆ ಸಿಸೇರಿಯನ್ ಆದವರ ಮೇಲೆ ಮಾಡಿದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಉಸಿರಾಟದ ತೊಂದರೆ, ಸಕ್ಕರೆ ಇಳಿತ, ಸೋಂಕು, ತುರ್ತು ನಿಗಾ ಘಟಕ ಸೇರಬೇಕಾದದ್ದು ಇವನ್ನೆಲ್ಲ ಕೂಡಿಸಿದರೆ 37ನೇ ವಾರದಲ್ಲಿ ತೆಗೆದ ಮಕ್ಕಳಲ್ಲಿ 100ಕ್ಕೆ 15, 38ನೇ ವಾರದಲ್ಲಿ 11, 39ನೇ ವಾರದಲ್ಲಿ 8 ಮಕ್ಕಳಿಗೆ ತೊಂದರೆಯಾಗಿತ್ತು. ಬೇರೆ ಕಾರಣವಿಲ್ಲದಿದ್ದರೆ ಗೊತ್ತುಮಾಡಿದ ಸಿಸೇರಿಯನ್ 39 ವಾರ ತುಂಬಿದ ಮೇಲೆಯೇ ಆಗಲಿ, ನಿಮ್ಮ ಲೆಕ್ಕದಲ್ಲಿ ಜುಲೈ 21ರ ನಂತರ. ಬಿ.ಪಿ. ಏರಿದರೆ, ಮಗು ಬೆಳೆಯುತ್ತಿಲ್ಲವಾದರೆ, ಮಾಸು ಕೆಳಗಿದ್ದರೆ ಡಾಕ್ಟರೇ ಮುಂಚೆ ದಿನ ಕೊಡುತ್ತಾರೆ, ಆಗ ತಡ ಮಾಡಬೇಡಿ.

ಕಕ್ಕಡವೆಂದಾಗ ಇನ್ನೊಂದು ನೆನಪಾಯಿತು. ಕಕ್ಕಡ 18ಕ್ಕೆ, ಆಗಸ್ಟ್ 3ರ ಹೊತ್ತಿಗೆ, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ; ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ನಿಮಗೆ ಆಗ ಒಂದೋ ತುಂಬು ದಿನ, ಇಲ್ಲವೇ ಹಸಿ ಬಾಣಂತನ. ಹೊಲಿಗೆ ಬಿಡುವಾಗ, ಮೂತ್ರಕೋಶಕ್ಕೆ ಪೆಟ್ಟಾದಾಗ ಮೂತ್ರದಲ್ಲಿ ರಕ್ತ ಬರುತ್ತದೆ. ಸೊಪ್ಪಿನ ಬಣ್ಣವೆಂದು ರಕ್ತವನ್ನು ಕಡೆಗಣಿಸಿದರೆ ಕೇಡು. ಈ ಒಂದು ವರ್ಷ ನೀವು ಪಾಯಸ ಬಿಡಿ, ಮನೆಯವರು ತಿನ್ನಲಿ.

ಹಿಮೊಗ್ಲೋಬಿನ್ 9.4ರ ಬಗ್ಗೆ ನೀವು ಹಾದುಹೋಗುವಾಗ ಬರೆದಿದ್ದೀರಿ. ಅದಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ನಾರ್ಮಲ್ ಹೆರಿಗೆಯಲ್ಲಿ ಅರ್ಧ ಲೀಟರ್‌ವರೆಗೆ, ಸಿಸೇರಿಯನ್‌ನಲ್ಲಿ ಅದಕ್ಕಿಂತ ಹೆಚ್ಚು ರಕ್ತ ಹೋಗುವುದು ಸಾಮಾನ್ಯ. 12 ಇರುವವರು ಒಂದು ಲೀಟರ್ ಕಳೆದುಕೊಂಡರೂ ತಡೆದುಕೊಳ್ಳುತ್ತಾರೆ, 9 ಇರುವವರಿಗೆ ಅಷ್ಟರಲ್ಲೇ ಬಿ.ಪಿ. ಕುಸಿಯುತ್ತದೆ. ಬಸಿರಿನಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ತಡೆಗಟ್ಟಲು ದಿನಕ್ಕೆ ಒಂದು ಕಬ್ಬಿಣದ ಮಾತ್ರೆ, 180 ದಿನ. ಆದರೆ ನಿಮ್ಮಂತೆ ಈಗಾಗಲೇ ಕಡಿಮೆಯಿರುವವರಿಗೆ ದಿನಕ್ಕೆ ಎರಡು. ಒಂದೊಂದರಲ್ಲೂ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ನುಂಗುತ್ತಿದ್ದರೂ ಏರುತ್ತಿಲ್ಲ ಎನ್ನುವವರನ್ನು ಕೊಡಗಿನಲ್ಲಿ ಮೊದಲು ಕೇಳಬೇಕಾದದ್ದು ಕಾಫಿಯ ಬಗ್ಗೆ. ಊಟ, ಮಾತ್ರೆಯ ಜೊತೆಗೆ ಅಥವಾ ಹಿಂದೆಮುಂದೆ ಒಂದು ಗಂಟೆಯೊಳಗೆ ಕಾಫಿ, ಚಹಾ ಕುಡಿದರೆ ಕಬ್ಬಿಣ ಕರುಳಿನಲ್ಲೇ ಕಟ್ಟಿಹೋಗಿ ಹೊರಬೀಳುತ್ತದೆ. ಕಾಫಿಯನ್ನು ಪೂರ್ತಿ ಬಿಡಬೇಕಿಲ್ಲ, ದಿನಕ್ಕೆ ಒಂದೆರಡು ಲೋಟ ಸಾಕು, ಊಟದಿಂದ ಎರಡು ಗಂಟೆ ದೂರವಿರಲಿ. ಮಾತ್ರೆಯನ್ನು ನಿಂಬೆ ಪಾನಕ ಅಥವಾ ಕಿತ್ತಳೆಯ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಮಾಂಸ ತಿನ್ನುವ ಮನೆಯಾದರೆ ಮಾಂಸ, ಮೀನು ಚೆನ್ನಾಗಿ ಬೇಯಿಸಿ ತಿನ್ನಿ. ಅದರ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಹತ್ತುತ್ತದೆ.

ಜೂನ್ 16ಕ್ಕೆ ನಿಮಗೆ 34 ವಾರ. ಅಷ್ಟರೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಸರಿಯಾಗಿ ಮಾತ್ರೆ ನುಂಗಿದ್ದರೆ ಮೂರು ನಾಲ್ಕು ವಾರಕ್ಕೆ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಇನ್ನೂ ಮಾತ್ರೆ ನಂಬಿ ಕೂರಬೇಡಿ, ರಕ್ತನಾಳಕ್ಕೆ ಕಬ್ಬಿಣ ಕೊಡಿಸಲು ಕೇಳಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧಿಯನ್ನು ಒಂದು ಸಲಕ್ಕೆ 1000 ಮಿ.ಗ್ರಾಂ. ವರೆಗೆ, ಸಲೈನ್‌ನಲ್ಲಿ ಬೆರೆಸಿ 15 ನಿಮಿಷದಲ್ಲಿ ಕೊಡುತ್ತಾರೆ, ಆಮೇಲೆ ಅರ್ಧ ಗಂಟೆ ಕೂರಿಸಿ ನೋಡುತ್ತಾರೆ. ಎರಡರಿಂದ ನಾಲ್ಕು ವಾರದಲ್ಲಿ ಫಲ ಕಾಣುತ್ತದೆ, ಅಂದರೆ ಜುಲೈಯಲ್ಲಿ ನೆನಪಾದರೆ ತಡವಾಯಿತು. ಇದನ್ನು ಓದುವ ಯರವ, ಜೇನುಕುರುಬ ಮನೆಗಳವರಿಗೆ ಒಂದು ಮಾತು: ರಕ್ತಹೀನತೆ ಇದ್ದರೆ ಕುಡುಗೋಲು ಕಣ ರೋಗದ ಪರೀಕ್ಷೆಯನ್ನೂ ಮಾಡಿಸಿ, ಆ ರೋಗವಿರುವವರ ಹೆರಿಗೆಯ ದಾರಿಯೇ ಬೇರೆ.

ಹಾಗಾದರೆ ಎಲ್ಲಿರಬೇಕು? ನನ್ನ ಸಲಹೆ ಸ್ಪಷ್ಟ: ಜೂನ್ ಕೊನೆಗೆ, 36 ವಾರ ತುಂಬುವ ಹೊತ್ತಿಗೆ, ಭಾಗಮಂಡಲ ಬಿಡಿ. ಕುಶಾಲನಗರದಿಂದ ಮಡಿಕೇರಿಗೆ 30 ಕಿ.ಮೀ., ಮೈಸೂರಿಗೆ ಸುಮಾರು 90 ಕಿ.ಮೀ., ಅದೂ ಬಯಲು ಸೀಮೆಯ ದಾರಿ. ಮಂಗಳೂರಿನ ಕಡೆಯನ್ನು ಮಳೆಗಾಲದಲ್ಲಿ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿದು ಹೇಗೆ ಮುಚ್ಚಿಹೋಯಿತೆಂದು ಎಲ್ಲರೂ ಕಂಡಿದ್ದೇವೆ. ಆದರೆ ತವರು ಮನೆ ಕಾವೇರಿ ದಂಡೆಯ ತಗ್ಗಿನ ಬಡಾವಣೆಯಲ್ಲಿದೆಯೇ ನೋಡಿಕೊಳ್ಳಿ. 2018, 2019ರಲ್ಲಿ ಅಲ್ಲಿ ನೀರು ನುಗ್ಗಿತ್ತು. ಹಾಗಿದ್ದರೆ ಎತ್ತರದಲ್ಲಿರುವ ನೆಂಟರ ಮನೆ, ಇಲ್ಲವೇ ಮಡಿಕೇರಿಯಲ್ಲೇ ಯಾರದಾದರೂ ಮನೆ ಲೇಸು. ನಾರ್ಮಲ್‌ಗೇ ಪ್ರಯತ್ನಿಸುವುದೆಂದು ಗಟ್ಟಿಯಾದರೆ ಮಡಿಕೇರಿಯಲ್ಲಿ, ಆಸ್ಪತ್ರೆಯಿಂದ ಕಾಲು ಗಂಟೆಯೊಳಗೆ ಇರುವುದನ್ನೇ ನಾನು ಹೇಳುವೆ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಹೆರಿಗೆ ಗಂಡನ ಮನೆಯವರದೇ, ಅವರೂ ಜೊತೆಯಲ್ಲಿ ಬಂದಿರಲಿ, ಜಾಗ ಮಾತ್ರ ಬದಲಾಗಲಿ. ಬಾಣಂತಿಯನ್ನು ನೋಡಿಕೊಳ್ಳಲು ಅವರ ಕೈ ಬೇಕೇ ಬೇಕು.

ಹೊಲಿಗೆಯಿರುವವರು ನೋವು ಐದು ನಿಮಿಷಕ್ಕೊಮ್ಮೆ ಬರುವ ತನಕ ಕಾಯಬಾರದು. ಹತ್ತು ನಿಮಿಷಕ್ಕೊಮ್ಮೆ ಕ್ರಮವಾಗಿ ಬರತೊಡಗಿದರೆ ಹೊರಡಿ. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ, ನೀರಿನ ಬಣ್ಣ ನೋಡಿಕೊಳ್ಳಿ; ಹಸಿರಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದು ಅರ್ಥ, ಅದನ್ನು ಹೋದೊಡನೆ ಹೇಳಿ. ಊಟವಾದ ಮೇಲೆ ಎಡಕ್ಕೆ ಮಲಗಿ ಮಗುವಿನ ಮಿಸುಕಾಟ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಬಾರದಿದ್ದರೆ ಬೆಳಗಿಗೆ ಕಾಯಬೇಡಿ. ನೋವು ಬಂದು ಹೋಗುವ ನಡುವಿನ ಬಿಡುವಿನಲ್ಲೂ ಹಳೆಯ ಹೊಲಿಗೆಯ ಜಾಗದಲ್ಲಿ ಉರಿನೋವು ನಿಲ್ಲದಿರುವುದು, ಬರುತ್ತಿದ್ದ ನೋವು ಒಮ್ಮೆಲೇ ನಿಂತುಬಿಡುವುದು, ಭುಜದ ತುದಿಯಲ್ಲಿ ನೋವು, ತಲೆ ತಿರುಗು, ರಕ್ತಸ್ರಾವ ಇವು ಹೊಲಿಗೆ ಬಿಡುತ್ತಿರುವುದರ ಗುರುತು. ನೋವು ನಿಂತಿತಲ್ಲ, ಸುಳ್ಳು ನೋವಿರಬೇಕು ಎಂದು ಸಮಾಧಾನಪಡುವುದೇ ಇಲ್ಲಿ ದೊಡ್ಡ ತಪ್ಪು. ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ಬಲಗಡೆ ನೋವು ಬಂದರೆ ಅದು ಬಿ.ಪಿ.ಯದು, 140/90 ದಾಟಿದರೆ ತೋರಿಸಬೇಕು, 160/110 ಆದರೆ ತುರ್ತು.

ಚೀಲದಲ್ಲಿ ತಾಯಿ ಕಾರ್ಡ್, ಹಳೆಯ ಸಮ್ಮರಿ, ಸ್ಕ್ಯಾನಿಂಗ್ ವರದಿ, ಚಾರ್ಜ್ ಮಾಡಿದ ಪವರ್ ಬ್ಯಾಂಕ್ ಇರಲಿ. ರಕ್ತ ಕೊಡಬಲ್ಲ ಇಬ್ಬರ ನಂಬರ್ ಕಾಗದದಲ್ಲಿ ಬರೆದಿಡಿ. ಗಾಡಿಯಲ್ಲಿ ಎಡಕ್ಕೆ ಮಲಗಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರಕ್ಕೆ ದೊಡ್ಡ ರಕ್ತನಾಳ ಒತ್ತಿ ಮಗುವಿಗೆ ರಕ್ತ ಕಡಿಮೆಯಾಗುತ್ತದೆ.

ದಾರಿಯಲ್ಲೇ ಮಗು ಬಂದುಬಿಟ್ಟರೆ? ಮಗುವನ್ನು ಒಣ ಬಟ್ಟೆಯಿಂದ ತಲೆಯಿಂದ ಕಾಲಿನವರೆಗೆ ಒರೆಸಿ, ಆ ಒದ್ದೆ ಬಟ್ಟೆ ಬಿಸಾಡಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಹೊದಿಸಿ, ಮಗುವಿಗೆ ಟೊಪ್ಪಿ ಹಾಕಿ. ಅಳದಿದ್ದರೆ ಬೆನ್ನು ತಿಕ್ಕಿ. ಕಾಲು ಹಿಡಿದು ನೇತಾಡಿಸಬೇಡಿ. ಹೊಕ್ಕುಳ ಬಳ್ಳಿ ಕತ್ತರಿಸಲು ಅವಸರವಿಲ್ಲ, ಕೈಗೆ ಸಿಕ್ಕ ಬ್ಲೇಡು ಬೇಡ. ಬಳ್ಳಿ ಹಿಡಿದು ಮಾಸನ್ನು ಎಳೆಯಲೇಬೇಡಿ. ಮಾಸು ತಾನಾಗಿ ಬಂದ ಮೇಲೆ ಹೊಕ್ಕುಳ ಕೆಳಗೆ ಗರ್ಭಕೋಶ ಗಟ್ಟಿಯಾಗುವಂತೆ ತಿಕ್ಕಿ, ಮಗುವಿಗೆ ಮೊಲೆ ಕೊಡಿ. ಎರಡೂ ರಕ್ತ ನಿಲ್ಲಿಸಲು ನೆರವಾಗುತ್ತವೆ.

ಹೆರಿಗೆಯ ಬಳಿಕದ ರಕ್ತಸ್ರಾವ ನಮ್ಮಲ್ಲಿ ತಾಯಂದಿರ ಸಾವಿಗೆ ಮುಂಚೂಣಿಯ ಕಾರಣ. ಬಹುಪಾಲು ಮೊದಲ 24 ಗಂಟೆಯೊಳಗೆ ಆಗುತ್ತದೆ. ಮಗು ಬಂದ ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು ಇದನ್ನು ತಡೆಯಲು. ಆ ಔಷಧಿ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಇಲ್ಲದಿದ್ದರೆ ಅದರ ಬಲ ಕುಂದುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ರಕ್ತ ನಿಲ್ಲದಿದ್ದರೆ ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ ಕೊಡುತ್ತಾರೆ, ಅದು ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಉಪಯೋಗ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ನಾರ್ಮಲ್‌ಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟ ಉಚಿತ. ಔಷಧಿ, ರಕ್ತ, ಆಪರೇಷನ್, ಮನೆಗೆ ಬಿಡುವ ಗಾಡಿ ಕೂಡ. 'ಚೆನ್ನಾಗಿದ್ದಾಳಲ್ಲ, ನಾಳೆಯೇ ಕಳುಹಿಸಿ' ಎಂದು ಮನೆಯವರು ಒತ್ತಾಯಿಸಬಾರದು. ಬಿ.ಪಿ. ಏರುವವರಿಗೆ ಅದು ಹೆಚ್ಚಾಗಿ ಮೂರರಿಂದ ಆರನೇ ದಿನಕ್ಕೆ ತುದಿ ಮುಟ್ಟುತ್ತದೆ, ಬಾಣಂತಿಗೆ ಫಿಟ್ಸ್ ಬರುವುದು ಹೆರಿಗೆಯಾದ ಮೇಲೂ ಉಂಟು. ಮನೆಗೆ ಬಂದ ಮೇಲೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಬಿದ್ದರೆ, 38 ಡಿಗ್ರಿ ಜ್ವರ ಬಂದರೆ, ಸ್ರಾವ ನಾತ ಹೊಡೆದರೆ, ಹೊಲಿಗೆಯ ಸುತ್ತ ಕೆಂಪಗೆ ಬಿಸಿಯಾದರೆ ವಾಪಸ್ ಹೋಗಬೇಕು.

ಬಾಣಂತನದ ವಿಷಯದಲ್ಲಿ ಹಿರಿಯರ ಆರೈಕೆಗೆ ನಾನು ಕೈಮುಗಿಯುತ್ತೇನೆ, ಆದರೆ ಸಿಸೇರಿಯನ್ ಆದವರಿಗೆ ಮೂರು ಪದ್ಧತಿ ಅಪಾಯಕಾರಿ. ಒಂದು, ನೀರು ಕೊಡದಿರುವುದು. ಬಸಿರು ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ, ಸಿಸೇರಿಯನ್ ಆದರೆ ಇನ್ನೂ ಹೆಚ್ಚು. ನೀರಿಲ್ಲದೆ ಹಾಸಿಗೆ ಹಿಡಿದರೆ ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಬಿಸಿನೀರೇ ಇರಲಿ, ದಿನಕ್ಕೆ ಎರಡೂವರೆ ಮೂರು ಲೀಟರ್ ಕುಡಿಯಿರಿ. ಆಪರೇಷನ್ ಆದ 24 ಗಂಟೆಯೊಳಗೆ ಎದ್ದು ನಡೆಯಿರಿ, ಮನೆಯಲ್ಲೂ ಗಂಟೆಗೊಮ್ಮೆ ಓಡಾಡಿ. ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಆದರೆ ಅದು ತುರ್ತು. ಎರಡು, ಹೊಲಿಗೆಯ ಮೇಲೆ ಬಿಗಿಯಾಗಿ ಸೀರೆ ಸುತ್ತುವುದು, ಹೊಟ್ಟೆಗೆ ಸುಡುನೀರು ಎರಚುವುದು. ಎರಡು ದಿನ ಕಳೆದ ಮೇಲೆ ಗಾಯ ನೀರಿಗೆ ಒದ್ದೆಯಾದರೆ ತೊಂದರೆಯಿಲ್ಲ, ಆದರೆ ಮೆತ್ತಗೆ ಒತ್ತಿ ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಬಟ್ಟೆ ಒಳಗೊಳಗೇ ಹಸಿಯಿರುತ್ತದೆ. ಇಸ್ತ್ರಿ ಹಾಕಿ ಉಡಿ, ಮಗುವಿನ ಬಟ್ಟೆಗೂ ಹಾಗೆಯೇ. ಮೂರನೆಯದು ಕೆಂಡ. ಕಿಟಕಿ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿಟ್ಟರೆ ಬಣ್ಣವಿಲ್ಲದ, ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ. ತಾಯಿ ಮಗು ಇಬ್ಬರೂ ನಿದ್ದೆಯಲ್ಲೇ ಹೋಗಿಬಿಡಬಹುದು. ಕೋಣೆ ಬೆಚ್ಚಗಾದ ಮೇಲೆ ಕೆಂಡ ಹೊರಗಿಡಿ, ಮಲಗುವಾಗ ಎಂದೂ ಬೇಡ. ಮಗುವಿಗೆ ಸಾಂಬ್ರಾಣಿ ಹೊಗೆಯೂ ಬೇಡ.

ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಗಿಂತ ಒಳ್ಳೆಯ ಒಲೆಯಿಲ್ಲ. ಬರಿ ಮೈಗೆ ಬರಿ ಮೈ ತಾಗಿಸಿ ಮೇಲೆ ಕಂಬಳಿ ಹೊದೆಯಿರಿ. ಅಪ್ಪನೂ ಅಜ್ಜಿಯೂ ಹೀಗೆ ಇಟ್ಟುಕೊಳ್ಳಬಹುದು. ಮೊದಲ 24 ಗಂಟೆ ಸ್ನಾನ ಬೇಡ. ಬೆನ್ನಿನ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡಿದ್ದರೆ ತಾಯಿ ಎಚ್ಚರದಲ್ಲೇ ಇರುತ್ತಾಳೆ, ಒಂದು ಗಂಟೆಯೊಳಗೆ ಮೊಲೆ ಕೊಡಬಹುದು. ಪಕ್ಕಕ್ಕೆ ಮಲಗಿಸಿ ಕೊಟ್ಟರೆ ಹೊಲಿಗೆಗೆ ಭಾರ ಬೀಳುವುದಿಲ್ಲ. ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ, ಜೇನು, ಸಕ್ಕರೆ ನೀರು, ತೇಯ್ದ ಬಜೆ ನೆಕ್ಕಿಸಬೇಡಿ. ಹೊಕ್ಕುಳಿಗೆ ಏನೂ ಹಚ್ಚಬೇಡಿ. ಮೊದಲ ದಿನಗಳಲ್ಲಿ ತೂಕ 100ಕ್ಕೆ 10ರವರೆಗೆ ಇಳಿದು ಎರಡು ವಾರದೊಳಗೆ ಮರಳುತ್ತದೆ; ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ.

ಕಾಮಾಲೆಯ ಬಗ್ಗೆ ಕೊಡಗಿನ ಮಳೆಗಾಲದಲ್ಲಿ ವಿಶೇಷ ಎಚ್ಚರ ಬೇಕು. ಮೋಡ ಕವಿದ ಮಬ್ಬು ಕೋಣೆಯಲ್ಲಿ ಹಳದಿ ಕಾಣುವುದೇ ಇಲ್ಲ. ಕಿಟಕಿಯ ಹತ್ತಿರ ಹಗಲು ಬೆಳಕಿಗೆ ತಂದು ಮಗುವಿನ ಚರ್ಮ ಒತ್ತಿ ಬಿಟ್ಟು ನೋಡಿ. ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಅಂಗೈ ಅಂಗಾಲಿಗೆ ಇಳಿದರೆ ಅದೇ ದಿನ ಆಸ್ಪತ್ರೆಗೆ. ಬಿಸಿಲು ಬರಲಿ ಎಂದು ಕಾಯುವುದು ಚಿಕಿತ್ಸೆಯಲ್ಲ. ಆಸ್ಪತ್ರೆಯ ನೀಲಿ ಬೆಳಕೇ ಬೇಕು. ಮೊಲೆ ಹಿಡಿಯದಿರುವುದು, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎದೆ ಒಳಗೆ ಸೆಳೆಯುವುದು, ಮೈ ಸುಡುವುದು ಅಥವಾ ಪಾದ ಮಾತ್ರವಲ್ಲ ಹೊಟ್ಟೆಯೂ ತಣ್ಣಗಿರುವುದು, ಫಿಟ್ಸ್, ಮಂಕಾಗಿ ಮಲಗುವುದು ಇವುಗಳಲ್ಲಿ ಒಂದು ಕಂಡರೂ ಸಾಕು, ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕು. ತೋಟದೊಳಗಿನ ಮನೆಗೆ ಮಳೆಯಲ್ಲಿ ಅವರು ತಲುಪುವುದು ಕಷ್ಟ. ಪೇಟೆಯಲ್ಲೇ ಕನಿಷ್ಠ ಮೊದಲ ಹದಿನೈದು ದಿನ ಇರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಅಲ್ಲಿನ ಆಶಾಗೆ ನಿಮ್ಮ ವಿಳಾಸ ತಿಳಿಸಲು ನಿಮ್ಮೂರಿನ ಆಶಾಗೆ ಈಗಲೇ ಹೇಳಿಡಿ.

ಮುಂದಿನ ಮಗುವಿನ ಯೋಚನೆಯನ್ನು ಹೆರಿಗೆಗೆ ಮುಂಚೆಯೇ ಗಂಡ ಹೆಂಡತಿ ಕೂತು ಮಾತಾಡಿ. ಸಿಸೇರಿಯನ್ ಆದರೆ ಅದೇ ಹೊತ್ತಿಗೆ ಕಾಪರ್-ಟಿ ಹಾಕಿಸಬಹುದು, ಅಥವಾ ಸಂತಾನ ಸಾಕೆಂದರೆ ಟ್ಯೂಬೆಕ್ಟಮಿ ಮಾಡಿಸಬಹುದು. ಆಮೇಲೆ ಮತ್ತೊಂದು ಸಲ ಆಸ್ಪತ್ರೆಗೆ ಅಲೆಯಬೇಕಿಲ್ಲ. ಆದರೆ ಅದನ್ನು ಥಿಯೇಟರಿನ ಬಾಗಿಲಲ್ಲಿ, ನೋವಿನ ನಡುವೆ ಕೇಳಿದಾಗ ಹೇಳುವಂತಾಗಬಾರದು. 36ನೇ ವಾರದ ತಪಾಸಣೆಯಲ್ಲಿ ನಿಮ್ಮ ತೀರ್ಮಾನವನ್ನು ಡಾಕ್ಟರಿಗೆ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ.